ಟ್ಯಾಂಕು ಹತ್ತಿದ್ದು ಸರಿ, ದಾರಿ ಕಡಿದವರ ಬಗ್ಗೆನೂ ಬರೀರಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣೀಲಿ ಜನರಲ್ ತಿಮ್ಮಯ್ಯನವರ ಬಗ್ಗೆ ಬಂದ ಲೇಖನ ಓದಿದೆ. ಎರಡು ಸಲ ಓದಿದೆ, ಹೆಂಡ್ತಿಗೂ ಕೂರಿಸಿಕೊಂಡು ಓದಿ ಹೇಳಿದೆ. ನಮ್ಮ ಮಡಿಕೇರಿಯ ಮನುಷ್ಯ ಅಂತ ಹೆಮ್ಮೆ ಆಯ್ತು, ಬರೆದವರಿಗೆ ಥ್ಯಾಂಕ್ಸ್. ಆದ್ರೆ ಕಾಶ್ಮೀರದಿಂದ ಲಡಾಖ್‌ಗೆ ದಾಟೋ ಬೆಟ್ಟದ ಕಣಿವೆ ದಾರಿ ಜೋಜಿಲಾ ಪಾಸ್ ವಿಷಯ ಬಂದಾಗ ಇಡೀ ಲೇಖನದಲ್ಲಿ ಒಂದೇ ಒಂದು ಸಾಲು, 1948ರ ನವೆಂಬರ್ 1ಕ್ಕೆ ಟ್ಯಾಂಕುಗಳು ಜೋಜಿಲಾ ಹತ್ತಿದವು, ಶತ್ರು ಓಡಿದ, ಲೇಹ್ ಉಳೀತು ಅಂತ, ಅಷ್ಟೇ. ಆ ಸಾಲು ಓದಿದಾಗಿಂದ ನನಗೆ ಸಮಾಧಾನ ಇಲ್ಲ. ಟ್ಯಾಂಕು ಬೆಟ್ಟ ಹತ್ತಬೇಕಾದ್ರೆ ದಾರಿ ಬೇಕಲ್ಲ ಸ್ವಾಮಿ? ಆ ದಾರಿ ಯಾರು ಮಾಡಿದ್ರು, ಎಲ್ಲಿಂದ ಬಂದವರು, ಹೇಗೆ ಮಾಡಿದ್ರು? ಒಂದು ಮಾತಿಲ್ಲ.

ನಾನು ಪಿಡಬ್ಲ್ಯುಡಿಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಸೇರಿ, ಅಸಿಸ್ಟೆಂಟ್ ಎಕ್ಸಿಕ್ಯೂಟಿವ್ ಇಂಜಿನಿಯರ್ ಆಗಿ ರಿಟೈರ್ ಆದವನು, ಸರ್ವೀಸಲ್ಲಿ ಮುಕ್ಕಾಲು ಪಾಲು ಘಾಟ್ ರಸ್ತೆನಲ್ಲೇ ಕಳೆದೆ. ಶಿರಾಡಿಯಲ್ಲಿ ಮಳೆಗಾಲದಲ್ಲಿ ಧರೆ ಜರಿದು ರಸ್ತೆ ಬಂದ್ ಆದಾಗ ರಾತ್ರಿಯೆಲ್ಲ ಟಾರ್ಚ್ ಹಿಡ್ಕೊಂಡು ಜೆಸಿಬಿ ಪಕ್ಕ ನಿಂತು ಮಣ್ಣು ತೆಗೆಸಿದೀನಿ. ಬೆಟ್ಟದ ಸೈಡಲ್ಲಿ ಒಂದು ಅಡಿ ಅಗಲ ಜಾಸ್ತಿ ಮಾಡೋದು ಅಂದ್ರೆ ಏನು ಅಂತ ನನಗೆ ಗೊತ್ತು, ಮೇಲೆ ಕಟಿಂಗ್ ಮಾಡಿದ್ರೆ ಧರೆ ಇಳಿಯುತ್ತೆ, ಕೆಳಗೆ ತುಂಬಿಸಿದ್ರೆ ತಡೆಗೋಡೆ ಬೇಕು, ನೀರಿಗೆ ಮೋರಿ ಕೊಡಲಿಲ್ಲ ಅಂದ್ರೆ ಮುಂದಿನ ಮಳೆಗೆ ಎರಡೂ ಹೋಗುತ್ತೆ. ಅದೂ ನಮಗೆ ಜೆಸಿಬಿ ಇತ್ತು, ಟಿಪ್ಪರ್ ಇತ್ತು, ಮೇಲಿಂದ ಯಾರೂ ಗುಂಡು ಹೊಡೀತಿರಲಿಲ್ಲ. ಅದಕ್ಕೇ ಈ ಪತ್ರ, ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲು ಆಗಿದ್ದೇನು ಅಂತ ಹೇಳ್ತೀನಿ, ಯಾಕಂದ್ರೆ ನಮ್ಮ ಮಕ್ಕಳಿಗೆ 1999ರ ಕಾರ್ಗಿಲ್ ಗೊತ್ತು, 1948ರ ಕಾರ್ಗಿಲ್ ಗೊತ್ತಿಲ್ಲ. 1947ರ ಅಕ್ಟೋಬರ್ 22ಕ್ಕೆ ಬುಡಕಟ್ಟು ದಾಳಿಕೋರರು ಕಾಶ್ಮೀರಕ್ಕೆ ನುಗ್ಗಿದ್ರು, 26ಕ್ಕೆ ಮಹಾರಾಜ ಹರಿಸಿಂಗ್ ಭಾರತಕ್ಕೆ ಸೇರೋ ಪತ್ರಕ್ಕೆ ಸಹಿ ಹಾಕಿದ್ರು, 27ಕ್ಕೆ ನಮ್ಮ ಸೈನಿಕರು ವಿಮಾನದಲ್ಲಿ ಶ್ರೀನಗರಕ್ಕೆ ಇಳಿದ್ರು, ಇಷ್ಟು ಎಲ್ಲರೂ ಓದಿರ್ತಾರೆ. ಆದ್ರೆ ಮೇಲೆ ಉತ್ತರದಲ್ಲಿ ಗಿಲ್ಗಿಟ್‌ನಲ್ಲಿ ನವೆಂಬರ್ ಶುರುವಿನಲ್ಲೇ ಗಿಲ್ಗಿಟ್ ಸ್ಕೌಟ್ಸ್ ದಳದವರು ದಂಗೆ ಎದ್ದು ಗವರ್ನರ್ ಘನ್ಸಾರಾ ಸಿಂಗ್ ಅವರನ್ನ ಬಂಧಿಸಿದ್ರು, ಅಲ್ಲಿಂದ ಅವರು ಸಿಂಧೂ ನದಿ ಗುಂಟ ಸ್ಕರ್ದು ಕಡೆ, ಕಾರ್ಗಿಲ್ ಕಡೆ, ಲೇಹ್ ಕಡೆ ಬರೋಕೆ ಶುರು ಮಾಡಿದ್ರು. 1948ರ ಮೇ ತಿಂಗಳಲ್ಲಿ ಕಾರ್ಗಿಲ್ ಹೋಯ್ತು, ಜೂನ್‌ನಲ್ಲಿ ದ್ರಾಸ್ ಹೋಯ್ತು, ಜುಲೈನಲ್ಲಿ ಜೋಜಿಲಾನೇ ಹೋಯ್ತು. ಮ್ಯಾಪ್ ತೆಗೆದು ನೋಡಿ, ಶ್ರೀನಗರದಿಂದ ಲೇಹ್‌ಗೆ ಹೋಗೋ ದಾರಿಗೆ ಜೋಜಿಲಾ ಬಾಗಿಲು ಇದ್ದಂಗೆ, ಆ ಬಾಗಿಲು ಹೊರಗಿನವರು ಹಾಕ್ಕೊಂಡ್ರು, ಲೇಹ್‌ನಲ್ಲಿದ್ದ ನಮ್ಮ ಕೈಬೆರಳೆಣಿಕೆ ಸೈನಿಕರು, ಅಲ್ಲಿನ ಜನ ಒಳಗೆ ಉಳಿದುಬಿಟ್ರು.

ಲೇಹ್ ಅಷ್ಟರವರೆಗೆ ಉಳಿದಿದ್ದೇ ಒಂದು ಕತೆ. 1948ರ ಫೆಬ್ರವರಿಯಲ್ಲಿ, ಜೋಜಿಲಾದಲ್ಲಿ ಆಳುದ್ದ ಹಿಮ ಇರೋ ಕಾಲದಲ್ಲಿ, 2 ಡೋಗ್ರಾ ಪಡೆಯ ಮೇಜರ್ ಪೃಥಿ ಚಂದ್ ಅನ್ನೋರು ನಲವತ್ತರ ಆಸುಪಾಸು ವಾಲಂಟಿಯರ್‌ಗಳನ್ನ ಕರ್ಕೊಂಡು ಶ್ರೀನಗರದಿಂದ ನಡ್ಕೊಂಡು ಹೊರಟ್ರು. ಲಾಹೌಲ್ ಕಡೆಯವರು, ಹಿಮದ ಊರವರೇ, ಆದ್ರೂ ಆ ಕಾಲದಲ್ಲಿ ಯಾರೂ ದಾಟದ ಪಾಸ್ ದಾಟಿ ಮಾರ್ಚ್ 8ಕ್ಕೆ ಲೇಹ್ ಮುಟ್ಟಿದ್ರು. ಅವರ ಜೊತೆ ಒಬ್ಬ ಇಂಜಿನಿಯರ್ ಹೋಗಿದ್ರು, ಸೋನಂ ನೊರ್ಬು ಅಂತ, ಲಡಾಖಿನವರೇ. ಈ ಮನುಷ್ಯ ಲೇಹ್ ತಲುಪಿ ಕೈಲಿದ್ದ ಅಷ್ಟಿಷ್ಟು ಸರ್ಕಾರಿ ದುಡ್ಡಲ್ಲಿ, ಊರಿನ ಜನರ ಕೈಲಿ ಕಲ್ಲು ಆರಿಸಿಸಿ, ನೆಲ ಮಟ್ಟ ಮಾಡಿಸಿ, ಸುಮಾರು ಒಂದು ತಿಂಗಳಲ್ಲಿ ವಿಮಾನ ಇಳಿಯೋ ಪಟ್ಟಿ ಮಾಡಿಸಿಬಿಟ್ರು. ಹತ್ತು ಸಾವಿರ ಅಡಿಗೂ ಮೇಲೆ, ಒಂದು ರೋಡ್ ರೋಲರ್ ಇಲ್ಲದೆ! ನಾನು ಒಂದು ಹೆಲಿಪ್ಯಾಡ್ ಮಾಡಿಸೋಕೆ ಎಸ್ಟಿಮೇಟ್, ಟೆಂಡರ್, ವರ್ಕ್ ಆರ್ಡರ್ ಅಂತ ಎಷ್ಟು ದಿನ ಓಡಾಡಿದೀನಿ ಅಂತ ನೆನೆಸ್ಕೊಂಡ್ರೆ ಆ ಮನುಷ್ಯನಿಗೆ ಕೈ ಮುಗಿಯೋಣ ಅನ್ಸುತ್ತೆ. ಮೇ 24ಕ್ಕೆ ಏರ್ ಕಮೋಡರ್ ಮೆಹರ್ ಸಿಂಗ್ ಡಕೋಟಾ ವಿಮಾನ ತಂದು ಅದೇ ಪಟ್ಟಿ ಮೇಲೆ ಇಳಿಸಿದ್ರು, ಆ ಬೆಟ್ಟಸಾಲಿನ ಮೇಲೆ ಆ ವಿಮಾನ ಹಾರೋ ಹಂಗೇ ಇರಲಿಲ್ಲ, ಅದಕ್ಕೆ ಅಂತ ಮಾಡಿದ್ದಲ್ಲ ಅದು. ಪಕ್ಕದಲ್ಲಿ ಯಾರು ಕೂತಿದ್ರು ಅಂದ್ರೆ ಆಗ ಕಾಶ್ಮೀರದಲ್ಲಿ ಸೈನ್ಯದ ಡಿವಿಷನ್ ನಡೆಸ್ತಿದ್ದ ನಮ್ಮ ತಿಮ್ಮಯ್ಯನವರು. ಆಮೇಲೆ ಅದೇ ಪಟ್ಟಿಗೆ ಗೂರ್ಖಾ ಸೈನಿಕರು ಬಂದಿಳಿದ್ರು, ಇನ್ನೊಂದಷ್ಟು ಜನ ಮನಾಲಿ ಕಡೆಯಿಂದ ಪಾಸ್ ಮೇಲೆ ಪಾಸ್ ದಾಟಿ ನಡ್ಕೊಂಡೇ ಬಂದ್ರು. ನುಬ್ರಾ ಕಣಿವೆಯಲ್ಲಿ ಛೆವಾಂಗ್ ರಿಂಚೆನ್ ಅಂತ 17 ವರ್ಷದ ಹುಡುಗ ಊರ ಹುಡುಗರನ್ನ ಕಟ್ಕೊಂಡು ಶತ್ರುವನ್ನ ತಡೆದು ನಿಲ್ಲಿಸಿದ, ಮಹಾವೀರ ಚಕ್ರ ಬಂತು ಆ ಹುಡುಗನಿಗೆ. ಇಷ್ಟೆಲ್ಲ ಆದ್ರೂ ಲೇಹ್ ವಿಮಾನದ ಮೇಲೆ ಎಷ್ಟು ದಿನ ಬದುಕೀತು? ನೆಲದ ದಾರಿ ತೆಗೀಲೇಬೇಕಿತ್ತು. ಅದೂ ನವೆಂಬರ್ ಒಳಗೆ, ಇಲ್ಲ ಅಂದ್ರೆ ಹಿಮ ಬಿದ್ದು ಜೋಜಿಲಾ ತಾನಾಗೇ ಮುಚ್ಚಿ ಹೋಗುತ್ತೆ, ಆಮೇಲೆ ಮುಂದಿನ ಮೇ ತಿಂಗಳೇ.

ಸೆಪ್ಟೆಂಬರ್‌ನಲ್ಲಿ 77 ಪ್ಯಾರಾ ಬ್ರಿಗೇಡ್‌ನವರು ಬರೀ ಕಾಲಾಳು ಬಲದಲ್ಲಿ ಜೋಜಿಲಾ ತಗೊಳ್ಳೋಕೆ ನೋಡಿದ್ರು. ಆಗಲಿಲ್ಲ. ಅಲ್ಲಿಗೆ ಹೋಗಿ ನೋಡಿದವರಿಗೆ ಯಾಕೆ ಅಂತ ಗೊತ್ತಾಗುತ್ತೆ, ಎರಡೂ ಕಡೆ ಗೋಡೆ ಥರ ಬೆಟ್ಟ, ನಡುವೆ ಇಕ್ಕಟ್ಟಾದ ಗಲ್ಲಿ ಥರ ಪಾಸ್, ಬೆಟ್ಟದ ಗವಿಗಳ ಒಳಗೆ ಬಂಕರ್ ಮಾಡ್ಕೊಂಡು ಮೆಷಿನ್ ಗನ್ ಇಟ್ಕೊಂಡು ಕೂತ್ರೆ ಕೆಳಗಿಂದ ಬರೋ ಮನುಷ್ಯ ಎಲ್ಲಿ ಅಡಗ್ತಾನೆ? ಮೇಲಿಂದ ಬಾಂಬು ಹಾಕಿದ್ರೂ ಗವಿಯೊಳಗಿನವರಿಗೆ ತಾಗಲ್ಲ. ಆಗ ತಿಮ್ಮಯ್ಯನವರು ಟ್ಯಾಂಕ್ ತರೋಣ ಅಂತ ತೀರ್ಮಾನ ಮಾಡಿದ್ರು. 11,500 ಅಡಿ ಮೇಲೆ ಟ್ಯಾಂಕು! ಆ ಎತ್ತರದಲ್ಲಿ ಅದಕ್ಕೂ ಮುಂಚೆ ಯಾರೂ ಟ್ಯಾಂಕ್ ಇಟ್ಕೊಂಡು ಯುದ್ಧ ಮಾಡಿರಲಿಲ್ಲ. ಇದಕ್ಕೆ ಮೇಲಿಂದ ಒಪ್ಪಿಗೆ ಕೊಟ್ಟು ಬೆನ್ನಿಗೆ ನಿಂತವರು ವೆಸ್ಟರ್ನ್ ಕಮಾಂಡ್ ಮುಖ್ಯಸ್ಥರಾಗಿದ್ದ ಲೆಫ್ಟಿನೆಂಟ್ ಜನರಲ್ ಕಾರ್ಯಪ್ಪನವರು, ಅವರೂ ನಮ್ಮ ಕೊಡಗಿನವರೇ, ಶನಿವಾರಸಂತೆಯಲ್ಲಿ ಹುಟ್ಟಿದವರು. ಕೊಡಗಿನ ಇಬ್ಬರು, ಒಬ್ಬರು ಮೇಲೆ ಒಬ್ಬರು ಮುಂದೆ. ಆಪರೇಷನ್ ಬೈಸನ್ ಅಂತ ಹೆಸರು.

ಟ್ಯಾಂಕುಗಳು ಜಮ್ಮು ಕಡೆಯಿಂದ ಬಂದಿದ್ದು, 7ನೇ ಲೈಟ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳು, ಅವರ ಕಮಾಂಡಿಂಗ್ ಆಫೀಸರ್ ಲೆಫ್ಟಿನೆಂಟ್ ಕರ್ನಲ್ ರಾಜಿಂದರ್ ಸಿಂಗ್, ಸ್ಪ್ಯಾರೋ ಅಂತಲೇ ಎಲ್ಲರೂ ಕರೀತಿದ್ದಿದ್ದು. ಚಿಕ್ಕ ಟ್ಯಾಂಕು ಅಂತಾರೆ, ಚಿಕ್ಕದು ಅಂದ್ರೂ 15 ಟನ್ ಆಸುಪಾಸು, ಅಗಲ ಏಳೂವರೆ ಅಡಿ. ಆಗ ಬನಿಹಾಲ್‌ನಲ್ಲಿ ಈಗಿನಂಥ ಸುರಂಗ ಇಲ್ಲ, ಬೆಟ್ಟ ಸುತ್ತಿ ಹತ್ತಿ ಇಳೀಬೇಕು, ದಾರೀಲಿದ್ದ ಸೇತುವೆಗಳು ಅಷ್ಟು ತೂಕಕ್ಕೆ ಕಟ್ಟಿದ್ದಲ್ಲ. ಅದಕ್ಕೆ ಟ್ಯಾಂಕಿನ ಮೇಲಿನ ಗೋಪುರ ಬಿಚ್ಚಿ ಬೇರೆ ಮಾಡಿ, ಮೇಲೆ ಟಾರ್ಪಾಲ್ ಹೊದಿಸಿ ತಂದ್ರು, ತೂಕನೂ ಕಮ್ಮಿ, ನೋಡಿದವರಿಗೆ ಟ್ಯಾಂಕ್ ಅಂತ ಗೊತ್ತೂ ಆಗಲ್ಲ. ಶ್ರೀನಗರ ದಾಟಿಸುವಾಗ ಊರಿಗೆ ಕರ್ಫ್ಯೂ ಹಾಕಿ ರಾತ್ರಿ ದಾಟಿಸಿದ್ರು. ಹಿಂಗೆ ಗುಟ್ಟಾಗಿ ಜೋಜಿಲಾ ಬುಡದ ಬಾಲ್ತಾಲ್‌ಗೆ ಬಂದು ಸೇರಿದ್ವು.

ಈಗ ನನ್ನ ವಿಷಯಕ್ಕೆ ಬರ್ತೀನಿ. ಬಾಲ್ತಾಲ್‌ನಿಂದ ಮೇಲಕ್ಕೆ ಇದ್ದಿದ್ದು ಹೇಸರಗತ್ತೆ ದಾರಿ, ಮಧ್ಯ ಏಷ್ಯಾದ ಯಾರ್ಕಂದ್ ಕಡೆ ವ್ಯಾಪಾರಕ್ಕೆ ಹೋಗೋರು ಕುದುರೆ ಮೇಲೆ ಹೊರೆ ಹೇರಿಕೊಂಡು ಹೋಗ್ತಿದ್ದ ದಾರಿ. ಒಂದು ಪ್ರಾಣಿ ಹೋದ್ರೆ ಎದುರಿಂದ ಬರೋದು ಸೈಡಿಗೆ ಒತ್ತಿ ನಿಲ್ಲಬೇಕು. ಅದನ್ನ ಏಳೂವರೆ ಅಡಿ ಅಗಲದ, 15 ಟನ್ ತೂಕದ ಗಾಡಿ ಹತ್ತೋ ದಾರಿ ಮಾಡಿದವರು ಸೈನ್ಯದ ಇಂಜಿನಿಯರ್ ದಳ ಮದ್ರಾಸ್ ಸ್ಯಾಪರ್ಸ್, ಮೇಜರ್ ತಂಗರಾಜು ಅನ್ನೋರ ಮುಂದಾಳತ್ವದಲ್ಲಿ. ಮದ್ರಾಸ್ ಸ್ಯಾಪರ್ಸ್ ಅಂದ್ರೆ ಬೇರೆ ಯಾವುದೋ ಊರಿನವರು ಅಂತ ತಿಳ್ಕೋಬೇಡಿ, ಬೆಂಗಳೂರಿನ ಹಲಸೂರು ಕೆರೆ ಪಕ್ಕ ಇರೋ ಮದ್ರಾಸ್ ಇಂಜಿನಿಯರ್ ಗ್ರೂಪ್, ಎಂಇಜಿ ಅಂತೀವಲ್ಲ, ಅವರೇ. ತಮಿಳು, ತೆಲುಗು, ಮಲಯಾಳ, ಕನ್ನಡ ಮಾತಾಡೋ ಹುಡುಗರು ಸೇರೋ ದಳ, ಸೈನ್ಯದಲ್ಲಿ ತಂಬಿಗಳು ಅಂತ ಪ್ರೀತಿಯಿಂದ ಕರೀತಾರೆ. ಹಿಮನೇ ಕಾಣದ ಊರುಗಳ ಹುಡುಗರು, ಸೆಕೆ ಊರಲ್ಲಿ ಹುಟ್ಟಿ ಬೆಳೆದವರು, ಅವರು ಹೋಗಿ ಆ ಚಳಿಯಲ್ಲಿ ಬಂಡೆ ಒಡೆದು, ಕಲ್ಲು ಜೋಡಿಸಿ, ಹೇರ್‌ಪಿನ್ ತಿರುವು ಅಗಲ ಮಾಡಿ, ಶತ್ರು ಮೇಲಿಂದ ಗುಂಡು ಹೊಡೀತಿರುವಾಗಲೇ ದಾರಿ ಕಡಿದ್ರು.

ಎರಡು ವರ್ಷದ ಹಿಂದೆ ಜೂನ್‌ನಲ್ಲಿ ನಾನೂ ನನ್ನ ಹೆಂಡ್ತಿ, ತಮ್ಮನ ಮನೆಯವರ ಜೊತೆ ಲಡಾಖ್ ಟೂರ್ ಹೋಗಿದ್ವಿ. ಜೋಜಿಲಾದಲ್ಲಿ ಮುಂದೆ ಎಲ್ಲೋ ಒಂದು ಲಾರಿ ಕೆಟ್ಟು ಮೂರು ಗಂಟೆ ಜಾಮ್. ಎಲ್ಲರೂ ಗಾಡಿಯೊಳಗೆ ಬೈಕೊಂಡು ಕೂತಿದ್ರು, ನಾನು ಇಳಿದು ರಸ್ತೆ ಸೈಡಿಗೆ ಹೋಗಿ ನೋಡ್ತಾ ನಿಂತೆ. ಮೇಲ್ಗಡೆ ಧರೆ ನೋಡಿದ್ರೆ ಗಟ್ಟಿ ಬಂಡೆ ಅಲ್ಲ, ಪದರ ಪದರ ಕಲ್ಲು, ಕೈಯಲ್ಲಿ ಎಳೆದ್ರೆ ಚೂರು ಚೂರು ಬರುತ್ತೆ, ಹಿಮ ಕರಗಿದ ನೀರು ಅದರ ಸಂದಿಯಲ್ಲಿ ಜಿನುಗಿ ರಸ್ತೆ ಮೇಲೆ ಹರೀತಿತ್ತು, ರಸ್ತೆ ಪೂರ್ತಿ ಬೂದು ಬಣ್ಣದ ಕೆಸರು, ನಮ್ಮ ಗದ್ದೆ ಕೆಸರಿನ ಹಂಗಲ್ಲ, ಸಿಮೆಂಟ್ ಸ್ಲರಿ ಥರ ಜಾರುತ್ತೆ. ಒಂದು ಕಡೆ ಹಿಮದ ಗೋಡೆ ಇನ್ನೂ ನಿಂತಿತ್ತು, ಕಪ್ಪಾಗಿತ್ತು ಹೊಗೆಗೆ. ಇನ್ನೊಂದು ಕಡೆ ಬಗ್ಗಿ ನೋಡಿದ್ರೆ ಎಷ್ಟೋ ಕೆಳಗೆ ಬಾಲ್ತಾಲ್, ಅಮರನಾಥ ಯಾತ್ರೆಗೆ ಟೆಂಟ್ ಹಾಕ್ತಿದ್ರು, ಬೆಂಕಿಪೊಟ್ಟಣದಷ್ಟು ಕಾಣ್ತಿದ್ವು. ನಮ್ಮ ಡ್ರೈವರ್ ಕಾರ್ಗಿಲ್ ಕಡೆಯ ಹುಡುಗ, ಬಂದು ಪಕ್ಕ ನಿಂತು ಹಿಂದಿಯಲ್ಲಿ ಹೇಳ್ದ, ಅಂಕಲ್ ಇಲ್ಲೇ ಟ್ಯಾಂಕ್ ಹತ್ತಿದ್ದು ಅಂತ. ನಾನು ಕಾಲಿಂದ ರಸ್ತೆ ಅಂಚು ಒತ್ತಿ ನೋಡಿದೆ, ಸಡಿಲ. ಇವತ್ತಿಗೂ ಗಡಿ ರಸ್ತೆ ಸಂಸ್ಥೆಯ ಬೀಕನ್ ವಿಭಾಗದವರು ಪ್ರತೀ ವರ್ಷ ಆ ಅಂಚನ್ನ ಮತ್ತೆ ಮತ್ತೆ ಕಟ್ತಾರೆ, ಪ್ರತೀ ವರ್ಷ ಹೋಗುತ್ತೆ. ಅಂಥ ಅಂಚಿನ ಮೇಲೆ ಟ್ಯಾಂಕಿನ ಚೈನು ಹೊರಳಬೇಕು. ಲಾರಿ ಚಕ್ರ ಆದ್ರೆ ಉರುಳಿಕೊಂಡು ಹೋಗುತ್ತೆ, ಚೈನು ತಿರುಗುವಾಗ ನೆಲವನ್ನ ಕೆತ್ತುತ್ತೆ, ತಿರುವಿನಲ್ಲಂತೂ ಕಿತ್ತು ಎಸೆಯುತ್ತೆ, ಮೊದಲನೇ ಟ್ಯಾಂಕ್ ಹೋದ್ರೆ ಸಾಲದು, ಕೊನೇ ಟ್ಯಾಂಕಿಗೂ ದಾರಿ ಉಳೀಬೇಕು. ಆ ದಾರಿ ಉಳೀತು. ಅಷ್ಟು ಹೊತ್ತು ನಾನು ಅದನ್ನೇ ಯೋಚನೆ ಮಾಡ್ತಾ ನಿಂತಿದ್ದೆ, ಯಾರು ಆ ಮೇಸ್ತ್ರಿಗಳು, ಯಾವ ಊರವರು, ಯಾವ ಕಲ್ಲಿನ ಮೇಲೆ ಯಾವ ಕಲ್ಲು ಇಟ್ಟರು ಅಂತ.

ದಾಳಿಗೆ ಮೊದಲು ಇಟ್ಕೊಂಡಿದ್ದ ದಿನ ಅಕ್ಟೋಬರ್‌ನಲ್ಲಿ, ಹಿಮ ಬಿದ್ದು ಮುಂದಕ್ಕೆ ಹೋಯ್ತು. ನವೆಂಬರ್ 1ಕ್ಕೆ, ಅವತ್ತೂ ಹಿಮ ಬೀಳ್ತಾ ಇತ್ತು, ಬೆಳಿಗ್ಗೆ ಹೊರಡಬೇಕಿದ್ದಿದ್ದು ಮಧ್ಯಾಹ್ನ ಆಯ್ತು, ಆಮೇಲೆ ಟ್ಯಾಂಕುಗಳು ಸಾಲಾಗಿ ಮೇಲೆ ಹತ್ತಿದ್ವು, ಮುಂಚೂಣಿ ಟ್ಯಾಂಕ್ ಒಂದರಲ್ಲಿ ತಿಮ್ಮಯ್ಯನವರೇ ಇದ್ರು, ಮೇಜರ್ ಜನರಲ್ ಆದವರು ಹಿಂದೆ ಮ್ಯಾಪ್ ಇಟ್ಕೊಂಡು ಕೂರಬಹುದಿತ್ತು. ಆ ಎತ್ತರದಲ್ಲಿ ಟ್ಯಾಂಕ್ ಬರುತ್ತೆ ಅಂತ ಮೇಲಿದ್ದವರು ಕನಸಲ್ಲೂ ಅಂದ್ಕೊಂಡಿರಲಿಲ್ಲ, ಅದನ್ನ ತಡೆಯೋ ಆಯುಧನೂ ಅವರ ಹತ್ರ ಇರಲಿಲ್ಲ, ಟ್ಯಾಂಕಿನ ತೋಪು ನೇರ ಗವಿ ಬಾಯಿಗೇ ಹೊಡೆಯೋಕೆ ಶುರು ಮಾಡಿದ್ಮೇಲೆ ಬಿಟ್ಟು ಓಡಿದ್ರು. ಹಿಂದೆ ಕಾಲಾಳುಗಳು, ಪಟಿಯಾಲ, ರಜಪೂತ್, ಗೂರ್ಖಾ, ಪಾಸ್ ಆಚೆಯ ಗುಮ್ರಿ ಬಯಲು ಅವತ್ತೇ ಕೈಗೆ ಬಂತು. ಆಮೇಲೆ ಮಾತಾಯನ್, ನವೆಂಬರ್ ನಡುವಿಗೆ ದ್ರಾಸ್, 23-24ರ ಹೊತ್ತಿಗೆ ಕಾರ್ಗಿಲ್, ಲೇಹ್ ಕಡೆಯಿಂದ ಬರ್ತಿದ್ದ ನಮ್ಮವರೂ ಈ ಕಡೆಯವರೂ ಸೇರಿದ್ರು. ಸಮವಸ್ತ್ರನೂ ಸರಿ ಇಲ್ಲದೆ, ಬೇಸಿಗೆ ಬಟ್ಟೆಯಲ್ಲೇ ಬಂದವರು ಎಷ್ಟೋ ಜನ, ಹಿಮಕ್ಕೆ ಕಾಲ್ಬೆರಳು ಕಳ್ಕೊಂಡವರು ಎಷ್ಟೋ ಜನ. ಅದೇ ನವೆಂಬರ್‌ನಲ್ಲೇ ಆ ಕಡೆ ಪೂಂಛ್‌ನಲ್ಲಿ ಒಂದು ವರ್ಷ ಮುತ್ತಿಗೆಯೊಳಗಿದ್ದ ಬ್ರಿಗೇಡಿಯರ್ ಪ್ರೀತಮ್ ಸಿಂಗ್ ಅವರ ಪಡೆಗೂ, ಸಾವಿರಾರು ನಿರಾಶ್ರಿತರಿಗೂ ದಾರಿ ತೆರೀತು, ಅದು ಬೇರೆ ದೊಡ್ಡ ಕತೆ, ಇನ್ನೊಂದು ಸಲ ಬರೀತೀನಿ.

ಇನ್ನೊಂದು ವಿಷಯ ಹೇಳದೆ ಇದ್ರೆ ನನಗೆ ನಿದ್ದೆ ಬರಲ್ಲ. ಸ್ಕರ್ದು. ಗಿಲ್ಗಿಟ್‌ನಿಂದ ಲೇಹ್ ಕಡೆ ಬರೋ ದಾರೀಲಿ ಸಿಂಧೂ ದಂಡೆ ಮೇಲಿರೋ ಊರು, ನಿಮ್ಮ ಲೇಖನದಲ್ಲಿ ಈ ಹೆಸರೇ ಇಲ್ಲ. ಮುತ್ತಿಗೆ ಬಿಡಿಸಿದ ಕತೆ ಹೇಳೋವಾಗ ಬಿಡಿಸೋಕೆ ಆಗದೆ ಹೋದ ಊರಿನ ಕತೆನೂ ಜೊತೇಲೇ ಹೇಳಬೇಕು ಅಂತ ನನ್ನ ಅಭಿಪ್ರಾಯ. ಸ್ಕರ್ದುವಿನಲ್ಲಿ ಜಮ್ಮು ಕಾಶ್ಮೀರ ಸಂಸ್ಥಾನದ 6ನೇ ಇನ್‌ಫೆಂಟ್ರಿಯ ಒಂದು ಸಣ್ಣ ಪಡೆ ಇತ್ತು, ಮುಖ್ಯಸ್ಥರು ಶೇರ್ ಜಂಗ್ ಥಾಪಾ. 1947ರ ಡಿಸೆಂಬರ್‌ನಲ್ಲಿ ಲೇಹ್‌ನಿಂದ ಹಿಮದಲ್ಲಿ ನಡ್ಕೊಂಡು ಹೋಗಿ ಸ್ಕರ್ದು ಸೇರಿದವರು. 1948ರ ಫೆಬ್ರವರಿ 11ಕ್ಕೆ ಮುತ್ತಿಗೆ ಬಿತ್ತು. ಕೋಟೆಯೊಳಗೆ ಸೈನಿಕರು ಮಾತ್ರ ಅಲ್ಲ, ಹೆಂಗಸರು, ಮಕ್ಕಳು, ಊರು ಬಿಟ್ಟು ಓಡಿ ಬಂದವರು. ಅವರನ್ನ ಬಿಡಿಸೋಕೆ ಶ್ರೀನಗರದಿಂದ ಬ್ರಿಗೇಡಿಯರ್ ಫಕೀರ್ ಸಿಂಗ್ ಅವರ ಜೊತೆ ಒಂದು ಪಡೆ ಹೊರಟಿತ್ತು, ಮಾರ್ಚ್‌ನಲ್ಲಿ ಸ್ಕರ್ದು ಇನ್ನೇನು ಬಂತು ಅನ್ನುವಾಗ ತುರ್ಗೋ ಹತ್ರ ಇಕ್ಕಟ್ಟಾದ ದಾರೀಲಿ ಹೊಂಚು ಹಾಕಿ ಹೊಡೆದ್ರು, ಉಳಿದವರು ವಾಪಸ್ ಬಂದ್ರು. ಆಮೇಲೆ ಇನ್ನೊಂದು ಪ್ರಯತ್ನ, ಅದೂ ನಡುದಾರೀಲೇ ನಿಂತುಹೋಯ್ತು. ಕಾರ್ಗಿಲ್ ಹೋದ್ಮೇಲೆ ಸ್ಕರ್ದುಗೆ ದಾರಿನೇ ಇಲ್ಲ. ಆದ್ರೂ ಥಾಪಾ ಬಿಡಲಿಲ್ಲ, ಆರು ತಿಂಗಳು. ಊಟ ಮುಗೀತು, ಮದ್ದುಗುಂಡು ಮುಗೀತು, ಆಗಸ್ಟ್ 14ಕ್ಕೆ ಶರಣಾದ್ರು. ಶರಣಾದ ಮೇಲೂ ಬಹಳ ಜನ ಸೈನಿಕರನ್ನ ಕೊಂದ್ರು. ಥಾಪಾ ಸೆರೆ ಸಿಕ್ಕಿ ಬದುಕಿ ವಾಪಸ್ ಬಂದ್ರು, ಮಹಾವೀರ ಚಕ್ರ ಕೊಟ್ರು.

ಲೆಕ್ಕ ಹಾಕಿ ನೋಡಿ, ಸ್ಕರ್ದು ಬಿದ್ದಿದ್ದು ಆಗಸ್ಟ್ 14, ಜೋಜಿಲಾ ತೆರೆದಿದ್ದು ನವೆಂಬರ್ 1, ನಡುವೆ ಎರಡೂವರೆ ತಿಂಗಳು. ಆದ್ರೆ ಸ್ಕರ್ದು ಆರು ತಿಂಗಳು ಹಿಡಿದು ನಿಂತಿದ್ದಕ್ಕೇ ಅಷ್ಟು ದಿನ ಅಲ್ಲಿನ ಶತ್ರು ಬಲ ಪೂರ್ತಿ ಲೇಹ್ ಮೇಲೆ ಬೀಳಲಿಲ್ಲ, ಆ ಆರು ತಿಂಗಳಲ್ಲೇ ನೊರ್ಬು ಅವರ ಪಟ್ಟಿ ತಯಾರಾಯ್ತು, ಡಕೋಟಾ ಇಳೀತು, ಗೂರ್ಖಾಗಳು ಬಂದ್ರು. ಲೇಹ್ ಉಳಿದಿದ್ರಲ್ಲಿ ಸ್ಕರ್ದುವಿನ ಪಾಲು ಎಷ್ಟು ದೊಡ್ಡದು ಅಂತ ನೀವೇ ಯೋಚನೆ ಮಾಡಿ. ನಮ್ಮ ಘಾಟ್‌ನಲ್ಲಿ ಧರೆ ಜರಿದಾಗ ಆ ಕಡೆ ಬಸ್ಸಲ್ಲಿ ಜನ ಸಿಕ್ಕಿಹಾಕ್ಕೊಂಡಿರ್ತಾರೆ, ಈ ಕಡೆ ನಾವು ಮಣ್ಣು ತೆಗೀತಿರ್ತೀವಿ, ಫೋನ್ ಮಾಡಿ ಇನ್ನೆಷ್ಟು ಹೊತ್ತು ಸಾರ್ ಅಂತ ಕೇಳ್ತಾರೆ, ಒಂದು ಗಂಟೆ ಅಂತೀವಿ, ಮತ್ತೆ ಮೇಲಿಂದ ಜರಿಯುತ್ತೆ. ಆ ಫೋನ್ ಎತ್ತೋಕೆ ಎಷ್ಟು ಕಷ್ಟ ಆಗುತ್ತೆ ಅಂತ ನನಗೆ ಗೊತ್ತು. ಸ್ಕರ್ದುವಿನಿಂದ ಆರು ತಿಂಗಳು ವೈರ್‌ಲೆಸ್ ಮೆಸೇಜ್ ಬರ್ತಿತ್ತು, ಕೊನೆಗೆ ಶರಣಾಗಿ ಅನ್ನೋ ಒಪ್ಪಿಗೆ ಕೊಟ್ಟವರು ಇದೇ ತಿಮ್ಮಯ್ಯನವರು. ಟ್ಯಾಂಕಿನಲ್ಲಿ ಮುಂದೆ ಕೂತಿದ್ದ ತಿಮ್ಮಯ್ಯನವರನ್ನ ಮಾತ್ರ ನೋಡಿದ್ರೆ ಅರ್ಧ ಮನುಷ್ಯನ್ನ ನೋಡಿದಂಗೆ ಆಗುತ್ತೆ, ಆ ಮೆಸೇಜ್ ಓದಿದ ತಿಮ್ಮಯ್ಯನವರನ್ನೂ ನೋಡಬೇಕು.

ಮಡಿಕೇರಿಯಲ್ಲಿ ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, 2021ರ ಫೆಬ್ರವರಿಯಲ್ಲಿ ರಾಷ್ಟ್ರಪತಿ ಕೋವಿಂದ್ ಬಂದು ಉದ್ಘಾಟನೆ ಮಾಡಿದ್ರು, ಕೊಡಗಿಗೆ ಹೋಗೋರು ಅಬ್ಬಿ ಫಾಲ್ಸ್, ರಾಜಾಸೀಟ್ ನೋಡಿ ವಾಪಸ್ ಬರಬೇಡಿ, ಮಕ್ಕಳನ್ನ ಅಲ್ಲಿಗೂ ಕರ್ಕೊಂಡು ಹೋಗಿ. ಲಡಾಖ್ ಟೂರ್ ಹೋಗೋರು ಎಲ್ಲರೂ ದ್ರಾಸ್‌ನಲ್ಲಿ 1999ರ ಸ್ಮಾರಕದ ಹತ್ರ ನಿಲ್ಲಿಸ್ತಾರೆ, ನಿಲ್ಲಿಸಲೇಬೇಕು, ಆದ್ರೆ ಅದಕ್ಕೂ ಮುಂಚೆ ಗುಮ್ರಿಯಲ್ಲಿ ಜೋಜಿಲಾ ಸ್ಮಾರಕ ಇದೆ, ಡ್ರೈವರ್‌ಗೆ ಹೇಳಿದ್ರೆ ಮಾತ್ರ ನಿಲ್ಲಿಸ್ತಾನೆ. ಸೋನಾಮಾರ್ಗ್ ಸುರಂಗ 2025ರ ಜನವರಿಯಲ್ಲಿ ತೆರೆದಿದ್ದಾರೆ, ಜೋಜಿಲಾ ಕೆಳಗೆ 13 ಕಿಲೋಮೀಟರ್ ಸುರಂಗದ ಕೆಲಸ ನಡೀತಿದೆ, ಅದು ಮುಗಿದ ಮೇಲೆ ಹೆಚ್ಚಿನವರು ಆ ಮೇಲಿನ ರಸ್ತೆಗೆ ಹೋಗೋದೇ ಇಲ್ಲ, ಬೆಟ್ಟದ ಹೊಟ್ಟೆಯೊಳಗೆ ಈ ಕಡೆ ಹೊಕ್ಕು ಆ ಕಡೆ ಬಂದುಬಿಡ್ತಾರೆ. ಇಂಜಿನಿಯರ್ ಆಗಿ ನನಗೆ ಅದು ಬಹಳ ಸಂತೋಷದ ವಿಷಯ, ಚಳಿಗಾಲದಲ್ಲಿ ಆಸ್ಪತ್ರೆಗೆ ಹೋಗೋಕೂ ದಾರಿ ಇಲ್ಲದೆ ಒದ್ದಾಡಿದ ಜನ ಅವರು. ಅಷ್ಟರೊಳಗೆ ಆ ಹಳೇ ದಾರಿಯ ಕತೆ ನಮ್ಮ ಭಾಷೆಯಲ್ಲಿ ಸರಿಯಾಗಿ ದಾಖಲಾಗಲಿ ಅಂತ ಆಸೆ.

ಹಾಗಾಗಿ ಒಂದು ವಿನಂತಿ. ನವೆಂಬರ್ 1 ಅಂದ್ರೆ ನಮಗೆ ರಾಜ್ಯೋತ್ಸವ, ನೀವು ಪ್ರತೀ ವರ್ಷ ದಪ್ಪ ವಿಶೇಷ ಸಂಚಿಕೆ ತರ್ತೀರಿ, ನಾನು ತಪ್ಪದೆ ತಗೋತೀನಿ. 1956ರ ನವೆಂಬರ್ 1ಕ್ಕೆ ಎಂಟು ವರ್ಷ ಮುಂಚೆ ಅದೇ ದಿನ ಜೋಜಿಲಾದಲ್ಲಿ ಇದೆಲ್ಲ ನಡೆದಿದ್ದು. ಈ ಸಲದ ಸಂಚಿಕೆಯಲ್ಲಿ ಒಂದು ಪುಟ ಇದಕ್ಕೆ ಕೊಡಿ. ಹಲಸೂರು ಕೆರೆ ನಿಮ್ಮ ಆಫೀಸಿಂದ ಎಷ್ಟು ದೂರ, ನಿಮ್ಮ ವರದಿಗಾರರೊಬ್ಬರನ್ನ ಎಂಇಜಿಗೆ ಕಳಿಸಿ, ಅನುಮತಿ ಕೇಳಿ, ಜೋಜಿಲಾ ದಾರಿ ಕಡಿದ ಕಂಪನಿಗಳಲ್ಲಿ ಯಾರ್ಯಾರಿದ್ರು, ಅವರಲ್ಲಿ ನಮ್ಮ ಹಾಸನ, ಕೋಲಾರ, ಬಳ್ಳಾರಿ ಕಡೆಯವರು ಇದ್ರಾ ಅಂತ ಕೇಳಿಸಿ. ಯಾರ ಮನೆಯಲ್ಲಾದ್ರೂ ಅಜ್ಜನ ಹಳೇ ಪೆಟ್ಟಿಗೆಯಲ್ಲಿ ಆ ಕಾಲದ ಪೇ ಬುಕ್ಕೋ, ಮೆಡಲ್ಲೋ, ಕಾಗದವೋ ಇರಬಹುದು, ನಿಮ್ಮ ಪತ್ರಿಕೆಯಲ್ಲಿ ಕೇಳಿದ್ರೆ ಖಂಡಿತ ತಂದು ತೋರಿಸ್ತಾರೆ. ತಿಮ್ಮಯ್ಯ, ಕಾರ್ಯಪ್ಪ ಅವರ ಫೋಟೋ ದೊಡ್ಡದಾಗಿ ಹಾಕಿ, ಪಕ್ಕದಲ್ಲಿ ತಂಗರಾಜು, ಸೋನಂ ನೊರ್ಬು, ಶೇರ್ ಜಂಗ್ ಥಾಪಾ ಹೆಸರೂ ಅಷ್ಟೇ ದಪ್ಪ ಅಕ್ಷರದಲ್ಲಿ ಬರಲಿ.

ಜೋಜಿಲಾದಲ್ಲಿ ಜಾಮ್ ಆಗಿದ್ದಾಗ ಮೊಬೈಲಲ್ಲಿ ತೆಗೆದ ಎರಡು ಫೋಟೋ ಇದರ ಜೊತೆ ಕಳಿಸಿದೀನಿ, ಬಳಸಿಕೊಳ್ಳಿ, ನನ್ನ ಹೆಸರು ಹಾಕೋದು ಬೇಡ. ಮೊದಲನೇದರಲ್ಲಿ ಎಡಗಡೆ ಕೆಳಗೆ ಮೂಲೇಲಿ ಹಸಿರು ಬಯಲು, ಬಿಳಿ ಚುಕ್ಕಿಗಳು ಕಾಣುತ್ತಲ್ಲ, ಅದು ಬಾಲ್ತಾಲ್. ಎರಡನೇದು ರಸ್ತೆ ಅಂಚಿನದು, ಹೊಸ ಕಾಂಕ್ರೀಟ್ ತಡೆಗೋಡೆ ಬುಡದಲ್ಲಿ ಹಳೇ ಒಣಕಲ್ಲಿನ ಕಟ್ಟಡ ಸ್ವಲ್ಪ ಕಾಣುತ್ತೆ, ಗಾರೆ ಇಲ್ಲ, ಕಲ್ಲಿಗೆ ಕಲ್ಲು ಕೂರಿಸಿದ್ದು. ಅದು ಯಾವ ಕಾಲದ್ದು ಅಂತ ಎಂಇಜಿಗೆ ಹೋದವರು ದಯವಿಟ್ಟು ಆ ಫೋಟೋ ತೋರಿಸಿ ಕೇಳಲಿ.

ಇಂತಿ,
ಒಬ್ಬ ನಿವೃತ್ತ ಪಿಡಬ್ಲ್ಯುಡಿ ಇಂಜಿನಿಯರ್,
ಸಕಲೇಶಪುರ